ಯಾಚನೆ ಮತ್ತು ವಿದ್ಯೆ: ರೋಗಿ ವಿದ್ಯಾರ್ಥಿಯ ನೆಲೆಯಿಂದ ವಾಯುಭೂತಿಯ ಕಥೆ

ವಡ್ಡಾರಾಧನೆಯನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಅದರ ಕಾಲ, ಕರ್ತೃತ್ವ, ಹೆಸರು ಹಾಗೂ ಆಕರಗಳ ಸುತ್ತ ನಡೆದುಬಂದಿದೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಹೊರತಂದ ಬಳಿಕ ಭಾಷಾವಿಜ್ಞಾನಿಗಳೂ ಶೈಲಿಯ ಅಭ್ಯಾಸಿಗಳೂ ಅದರತ್ತ ಹೊರಳಿದರು. ಕನ್ನಡ ಗದ್ಯದ ಮೊದಲ ಸೊಗಸನ್ನು ಅಲ್ಲಿ ಗುರುತಿಸಿದರು. ಇದೆಲ್ಲ ಆಗಬೇಕಾಗಿದ್ದ ಕೆಲಸವೇ. ಆದರೆ ಆ 19 ಕಥೆಗಳು ರೋಗವನ್ನು ಹೇಗೆ ಕಾಣುತ್ತವೆ, ವಿದ್ಯಾರ್ಜನೆಯನ್ನು ಹೇಗೆ ಕಾಣುತ್ತವೆ, ಇವೆರಡೂ ಒಂದೇ ಜೀವದ ಪಾಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ. ವಾಸಿಯಾಗದ ಕಾಯಿಲೆಯೊಂದನ್ನು ಜೊತೆಗಿಟ್ಟುಕೊಂಡು ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ನೆಲೆಯಿಂದ ಮೊದಲನೆಯ ಕಥೆಯಾದ ಸುಕುಮಾರಸ್ವಾಮಿಯ ಕಥೆಯ ಒಂದು ಭಾಗವನ್ನು ಮತ್ತೆ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಹೀಗೆ ಓದಲು ಇರುವ ಖಾಸಗಿ ಕಾರಣವನ್ನು ಮುಂದೆ ಹೇಳುತ್ತೇನೆ.

ಓದಿನ ಬೀಗದ ಕೈ ಜೈನ ಶಾಸ್ತ್ರದ ಒಂದು ಪಟ್ಟಿಯಲ್ಲಿದೆ. ಮುನಿಯಾದವನು ಸಹಿಸಬೇಕಾದ ಪರೀಷಹಗಳು 22 ಎಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಕಡಿತಗಳಿಂದ ತೊಡಗಿ ಪ್ರಜ್ಞೆ, ಅಜ್ಞಾನಗಳವರೆಗೆ ಈ ಎಣಿಕೆ ಸಾಗುತ್ತದೆ. ಇದರಲ್ಲಿ ರೋಗ ಒಂದು ಪರೀಷಹ, ಯಾಚನೆ ಇನ್ನೊಂದು, ಅಲಾಭ ಮತ್ತೊಂದು. ಬೇಡಬೇಕಾಗಿ ಬರುವುದು, ಬೇಡಿದ್ದು ದೊರೆಯದೆ ಹೋಗುವುದು, ಮೈಯಲ್ಲಿ ರೋಗವಿರುವುದು, ಈ ಮೂರನ್ನೂ ಪಟ್ಟಿ ಮಾಡಿದವರು ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಮೊದಲ ನೋಟಕ್ಕೆ ಇದು ಶಾಸ್ತ್ರಕಾರರ ಎಣಿಕೆಯ ಚಪಲವೆಂದು ತೋರಬಹುದು. ನನಗೂ ಬಹುಕಾಲ ಹಾಗೆಯೇ ತೋರಿತ್ತು.

ರೋಗ ಪರೀಷಹಕ್ಕೆ ವಡ್ಡಾರಾಧನೆ ಕೊಡುವ ಪ್ರಸಿದ್ಧ ನಿದರ್ಶನ ಸನತ್ಕುಮಾರ ಚಕ್ರವರ್ತಿಯ ಕಥೆ. ದೇವತೆಗಳೇ ನೋಡಬಂದ ರೂಪ ಕಣ್ಣೆದುರೇ ಕುಂದಿತೆಂದು ತಿಳಿದು ಅವನು ರಾಜ್ಯ ತೊರೆಯುತ್ತಾನೆ. ತಪಸ್ಸಿನಲ್ಲಿರುವಾಗ ಹಲವು ವ್ಯಾಧಿಗಳು ಮೈಗೆ ಅಡರುತ್ತವೆ. ವೈದ್ಯರ ವೇಷದಲ್ಲಿ ಬಂದ ದೇವತೆಗಳಿಗೆ ಅವನು, ಹುಟ್ಟುಸಾವುಗಳ ವ್ಯಾಧಿಯನ್ನು ಕಳೆಯಬಲ್ಲಿರಾ ಎಂದು ಕೇಳುತ್ತಾನೆ. ಕಥೆ ಭವ್ಯವಾಗಿದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ರೋಗವನ್ನು ಕುರಿತು ನಮ್ಮ ಪ್ರಾಚೀನ ಸಾಹಿತ್ಯದ ನಿಲುವೇನೆಂದು ಕೇಳಿದವರಿಗೆ ನಾವು ಈ ಕಥೆಯನ್ನೇ ಎತ್ತಿ ತೋರಿಸುತ್ತೇವೆ. ಆದರೆ ಸನತ್ಕುಮಾರ ಯಾವ ರೀತಿಯ ರೋಗಿ? ಎಲ್ಲವನ್ನೂ ಬಿಟ್ಟಾದ ಮೇಲೆ ರೋಗಿಯಾದವನು. ನಾಳೆ ಬೆಳಿಗ್ಗೆ ಅವನು ಹೋಗಬೇಕಾದ ಸ್ಥಳವಿಲ್ಲ, ಒಪ್ಪಿಸಬೇಕಾದ ಪಾಠವಿಲ್ಲ, ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುವವರಿಲ್ಲ. ಮುಖ್ಯವಾಗಿ, ಅವನು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ರೋಗವನ್ನು ಸಹಿಸುವ ಧೈರ್ಯಕ್ಕೆ ಅವನು ಮಾದರಿಯಾಗಬಲ್ಲ. ರೋಗವಿದ್ದೂ ಲೋಕದ ವೇಳಾಪಟ್ಟಿಯೊಳಗೆ ಇರಬೇಕಾದವರಿಗೆ ಅವನಿಂದ ಹೆಚ್ಚಿನ ನೆರವಿಲ್ಲ.

ಇನ್ನು ವಾಯುಭೂತಿ. ಹೊರನಾಡಿನ ಓದುಗರಲ್ಲಿ ಗ್ರಂಥ ಕೈಗೆಟುಕದವರೂ ಇರಬಹುದಾದ್ದರಿಂದ ಕಥಾಭಾಗವನ್ನು ಸ್ವಲ್ಪ ವಿಸ್ತಾರವಾಗಿ ನೆನೆಯುತ್ತೇನೆ. ಕೌಶಾಂಬಿಯ ಪುರೋಹಿತ ಸೋಮಶರ್ಮನ ಮಕ್ಕಳು ಅಗ್ನಿಭೂತಿ, ವಾಯುಭೂತಿ. ಇಬ್ಬರೂ ಓದಲಿಲ್ಲ. ತಂದೆ ಸತ್ತ ಮೇಲೆ ಪುರೋಹಿತ ಪದವಿ ಕೈತಪ್ಪಿತು. ತಾಯಿ ಅವರನ್ನು ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನ ಬಳಿಗೆ ಕಳಿಸಿದಳು. ಸೋದರಳಿಯರೆಂದು ತಿಳಿದೂ ಸೂರ್ಯಮಿತ್ರ ತನಗೆ ತಂಗಿಯೇ ಇಲ್ಲವೆಂದ. ಕಲಿಯುವ ಮನಸ್ಸಿದ್ದರೆ ಭಿಕ್ಷೆಯಿಂದ ಹೊಟ್ಟೆ ಹೊರೆದುಕೊಂಡು ಕಲಿಯಿರಿ ಎಂದ. ವರ್ಷಗಟ್ಟಲೆ ಮನೆಮನೆ ತಿರಿದು ಅವರು ವಿದ್ಯೆ ಮುಗಿಸಿದರು. ಹೊರಡುವ ದಿನ ಸೂರ್ಯಮಿತ್ರ ನಿಜವನ್ನು ತಿಳಿಸಿದ: ಅಕ್ಕರೆ ತೋರಿದ್ದರೆ ನೀವು ಮೈಗಳ್ಳರಾಗುತ್ತಿದ್ದಿರಿ, ಅದಕ್ಕೇ ಹೀಗೆ ಮಾಡಿದೆ. ಅಗ್ನಿಭೂತಿ ಉಪಕಾರವೆಂದು ನೆನೆದ. ವಾಯುಭೂತಿಗೆ ಸಿಟ್ಟು ಇಳಿಯಲಿಲ್ಲ. ಮನೆಯಲ್ಲಿ ಅನ್ನವಿದ್ದೂ ನಮ್ಮನ್ನು ಬೀದಿಗೆ ನಿಲ್ಲಿಸಿದನಲ್ಲ ಎಂಬ ಕುದಿ ಅವನೊಳಗೆ ಉಳಿಯಿತು. ಮುಂದೆ ಸೂರ್ಯಮಿತ್ರ ಮುನಿಯಾಗಿ ಕೌಶಾಂಬಿಗೆ ಚರಿಗೆಗೆ ಬಂದಾಗ ಅಣ್ಣ ಸತ್ಕರಿಸಿದ, ತಮ್ಮ ನಿಂದಿಸಿದ. ಆ ನಿಂದೆಯ ಫಲವಾಗಿ ವಾಯುಭೂತಿಗೆ ಏಳೇ ದಿನಗಳಲ್ಲಿ ಕುಷ್ಠ ಹತ್ತಿತು. ಸತ್ತು ಕತ್ತೆ, ಹಂದಿ, ನಾಯಿಯಾಗಿ ಹುಟ್ಟಿ, ಕೊನೆಗೆ ಚಂಡಾಲ ಕುಲದಲ್ಲಿ ಕುರುಡಿ ಹುಡುಗಿಯಾಗಿ ಹುಟ್ಟಿದ.

ತರಗತಿಗಳಲ್ಲಿ ಈ ಭಾಗವನ್ನು ನಾವು ಪಾಠ ಹೇಳುವ ರೀತಿ ಎಲ್ಲರಿಗೂ ಗೊತ್ತು. ಗುರುದ್ರೋಹ, ಕರ್ಮಫಲ, ಭವಾವಳಿಯ ತಂತ್ರ, ಮುಗಿಯಿತು. ಕಥೆಯ ಮತೀಯ ಚೌಕಟ್ಟು ಈ ಅರ್ಥವನ್ನೇ ಅಪೇಕ್ಷಿಸುತ್ತದೆ ಎಂಬುದೂ ನಿಜ. ಆದರೆ ಕಥೆಗಾರ ಪ್ರಾಮಾಣಿಕ. ವಾಯುಭೂತಿಯ ಸಿಟ್ಟಿಗೆ ಕಾರಣವಿಲ್ಲವೆಂದು ಅವನು ಎಲ್ಲಿಯೂ ಸಾಧಿಸಹೋಗುವುದಿಲ್ಲ. ಕಲಿಸಲು ಸೂರ್ಯಮಿತ್ರನ ಅಭ್ಯಂತರವಿರಲಿಲ್ಲ. ಕಲಿಸಿದ, ಚೆನ್ನಾಗಿಯೇ ಕಲಿಸಿದ. ವಿದ್ಯೆಗೆ ಯಾಚನೆಯನ್ನು ಷರತ್ತಾಗಿ ಕಟ್ಟಿದ, ಅಷ್ಟೆ. ವಾಯುಭೂತಿಯ ಆಕ್ಷೇಪಣೆ ವಿದ್ಯೆಗೆ ಸಂಬಂಧಿಸಿದ್ದಲ್ಲ, ಆ ಷರತ್ತಿಗೆ ಸಂಬಂಧಿಸಿದ್ದು. ಅದಕ್ಕೆ ಪಠ್ಯ ಕೊಟ್ಟ ಉತ್ತರ ಒಂದು ರೋಗ.

ಈ ಅಂಶ ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ಬೈಕುಲ್ಲಾದಲ್ಲಿ. 1988ರಿಂದ ಮೂರು ವರ್ಷ ಅಲ್ಲಿಯ ರೈಲ್ವೆ ವಸತಿಯೊಂದರಲ್ಲಿ ಬಂಧುಗಳ ಮನೆಯಲ್ಲಿದ್ದುಕೊಂಡು ನಗರದ ದಕ್ಷಿಣ ಭಾಗದ ಒಂದು ಕಾಲೇಜಿನಲ್ಲಿ ಬಿ.ಎ. ಓದಿದೆ. ಬಾಲ್ಯದ ಗಂಟಲು ಬೇನೆ, ಕೀಲುನೋವುಗಳ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ನನ್ನ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. ಜ್ವರ ಮರುಕಳಿಸದಂತೆ 21 ದಿನಕ್ಕೊಮ್ಮೆ 12 ಲಕ್ಷ ಯೂನಿಟ್ ಪೆನಿಸಿಲಿನ್ ಚುಚ್ಚಿಸಿಕೊಳ್ಳಬೇಕು. ಅದೂ ಒಂದೆರಡು ವರ್ಷವಲ್ಲ, ಯೌವನ ದಾಟುವವರೆಗೆ. ದಪ್ಪ ಸೂಜಿಯ ಮೂಲಕ ಸುಣ್ಣದ ತಿಳಿಯಂತಹ ಔಷಧಿ ಇಳಿಯುತ್ತಿತ್ತು. ಆ ದಿನ ಮತ್ತು ಮರುದಿನ ಬೆಂಚಿನ ಮೇಲೆ ನೆಟ್ಟಗೆ ಕೂರಲಾಗುತ್ತಿರಲಿಲ್ಲ. ಮಿಕ್ಕ ದಿನಗಳಲ್ಲಿ ನೋಡಿದವರಿಗೆ ನಾನು ಆರೋಗ್ಯವಂತ ವ್ಯಕ್ತಿಯೇ. ರೈಲು ನಿಲ್ದಾಣದ ಸೇತುವೆಯ ಮೆಟ್ಟಿಲುಗಳನ್ನು ಮಾತ್ರ ಎರಡು ಕಡೆ ನಿಂತು ಹತ್ತುತ್ತಿದ್ದೆ. ಹಿಂದಿನಿಂದ ಬಂದವರು ಬೈದುಕೊಂಡು ದಾಟಿ ಹೋಗುತ್ತಿದ್ದರು.

ಬೈಕುಲ್ಲಾ ಆಗ ಉಸಿರು ಕಳೆದುಕೊಂಡಿದ್ದ ಊರು. 1982ರ ಜನವರಿಯಲ್ಲಿ ತೊಡಗಿದ ಗಿರಣಿ ಮುಷ್ಕರ ಸೋತ ಮೇಲೆ ಹಲವು ಚಿಮಣಿಗಳು ಹೊಗೆ ಬಿಡುವುದನ್ನು ನಿಲ್ಲಿಸಿದ್ದವು. ಒಂದು ಕಡೆ ರಾಣಿಬಾಗ್. ಇನ್ನೊಂದು ಕಡೆ 1845ರಲ್ಲಿ ಆರಂಭವಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಜೆ.ಜೆ. ಆಸ್ಪತ್ರೆ, ಒಂದೇ ಆವರಣದಲ್ಲಿ. ಆ ಆವರಣದ ಹೊರಗೋಡೆಯ ಉದ್ದಕ್ಕೂ ನಡೆಯುವಾಗಲೆಲ್ಲ ನನಗೊಂದು ವಿಚಾರ ಬರುತ್ತಿತ್ತು: ಒಳಗೆ ಪುಸ್ತಕ ಹಿಡಿದು ಓಡಾಡುವವರು ಒಂದು ಗುಂಪು, ಕಡತ ಹಿಡಿದು ಕಾಯುವವರು ಇನ್ನೊಂದು ಗುಂಪು, ನನ್ನ ಚೀಲದಲ್ಲಿ ಎರಡೂ ಇವೆ. ಅಂಥವರಿಗೆ ಯಾವ ಬಾಗಿಲು?

ಸೂಜಿಯ ನೋವನ್ನು ನಾನು ಮರೆತಿದ್ದೇನೆ. ಮರೆಯದೆ ಉಳಿದದ್ದು ಅರ್ಜಿಗಳು. ಮೂರು ವರ್ಷಗಳಲ್ಲಿ ಎಷ್ಟು ಅರ್ಜಿ ಬರೆದೆನೋ ಲೆಕ್ಕವಿಲ್ಲ. ಕಾಲೇಜಿಗೆ ಬೇಕಾಗಿದ್ದದ್ದು 75 ಪ್ರತಿಶತ ಹಾಜರಿ. ಪ್ರತಿ ಅವಧಿಗೂ ಹೊಸ ಪ್ರಮಾಣಪತ್ರ, ಹೊಸ ಸಹಿ, ಹೊಸ ಮೊಹರು. ಕಳೆದ ಸಲ ಕೊಟ್ಟಿದ್ದೆನಲ್ಲ ಎಂದರೆ, ಈ ಸಲವೂ ಕಾಯಿಲೆ ಇದೆ ಎಂಬುದಕ್ಕೆ ಏನು ಸಾಕ್ಷಿ ಎಂಬ ಪ್ರಶ್ನೆ. ಕೇಳಿದವರು ಕೆಟ್ಟವರಲ್ಲ. ಒಬ್ಬ ಅಧ್ಯಾಪಕರಂತೂ ಸಹಾನುಭೂತಿಯಿಂದಲೇ, ಒಂದು ವರ್ಷ ವಿಶ್ರಾಂತಿ ತೆಗೆದುಕೊಂಡು ವಾಸಿಯಾದ ಮೇಲೆ ಬರಬಾರದೇಕೆ ಎಂದು ಕೇಳಿದರು. ವಾಸಿಯಾಗುವ ಕಾಯಿಲೆಯಾಗಿದ್ದರೆ ಆ ಮಾತಿಗೆ ಅರ್ಥವಿತ್ತು. ಎಂ.ಎ.ಯಲ್ಲಿ ತತ್ತ್ವಾರ್ಥಸೂತ್ರದ ಆ ಪಟ್ಟಿಯನ್ನು ಮೊದಲ ಬಾರಿ ಓದಿದಾಗ, ಶಾಸ್ತ್ರಕಾರರು ರೋಗವನ್ನೂ ಯಾಚನೆಯನ್ನೂ ಏಕೆ ಬೇರ್ಪಡಿಸಿದರೆಂದು ತಿಳಿಯದೆ ಬರೀ ಕಂಠಪಾಠ ಮಾಡಿದೆ. ತಿಳಿದದ್ದು ಬಹಳ ವರ್ಷಗಳ ನಂತರ, ನನ್ನ ಮೇಜಿನ ಮುಂದೆ ಒಬ್ಬ ವಿದ್ಯಾರ್ಥಿನಿ ಆಸ್ಪತ್ರೆಯ ಕಡತ ಹಿಡಿದು ನಿಂತು, ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ ರಜೆ ಕೇಳಿದಾಗ. ಮೊಹರು ಈಗ ನನ್ನ ಕೈಯಲ್ಲಿತ್ತು.

ನಡುಗಾಲದ ಸಾಹಿತ್ಯ ಹಾಗೂ ಐತಿಹ್ಯಗಳಲ್ಲಿ ರೋಗಿ ವಿದ್ವಾಂಸರು ಇಲ್ಲದಿಲ್ಲ. ಹರಿಕಥಾಮೃತಸಾರದ ಜಗನ್ನಾಥದಾಸರ ಪೂರ್ವಾಶ್ರಮವನ್ನು ಕುರಿತ ಕಥೆ ಹರಿದಾಸ ಪರಂಪರೆಯಲ್ಲಿ ಮನೆಮಾತು: ಪಾಂಡಿತ್ಯದ ಗರ್ವದಿಂದ ವಿಜಯದಾಸರನ್ನು ಕಡೆಗಣಿಸಿದ ಶ್ರೀನಿವಾಸಾಚಾರ್ಯರಿಗೆ ಉದರಶೂಲೆ ಬಂತು, ಗೋಪಾಲದಾಸರು ತಮ್ಮ ಆಯುಷ್ಯದ ಪಾಲನ್ನಿತ್ತು ಉಳಿಸಿದರು. ಕೇರಳದ ಮೇಲ್ಪುತ್ತೂರು ನಾರಾಯಣ ಭಟ್ಟತಿರಿಯ ಐತಿಹ್ಯ ಇದಕ್ಕೆ ತಿರುವುಮುರುವು. ಅಲ್ಲಿ ಶಿಷ್ಯ ಗುರುವಿನ ವಾತರೋಗವನ್ನು ಗುರುದಕ್ಷಿಣೆಯಾಗಿ ತಾನೇ ಪಡೆದು ಆ ಬೇನೆಯಲ್ಲಿ ನಾರಾಯಣೀಯವನ್ನು ರಚಿಸುತ್ತಾನೆ. ಒಂದರಲ್ಲಿ ರೋಗ ಶಿಕ್ಷೆ, ಇನ್ನೊಂದರಲ್ಲಿ ಕಾಣಿಕೆ. ಎರಡರಲ್ಲಿಯೂ ಅದಕ್ಕೊಂದು ಅರ್ಥವಿರಲೇಬೇಕು. ರುಮ್ಯಾಟಿಕ್ ಜ್ವರಕ್ಕೆ ಅಂಥ ಅರ್ಥವೇನೂ ಇಲ್ಲ. ಗಂಟಲಿನ ಸೋಂಕಿಗೆ ಸಕಾಲದಲ್ಲಿ ಔಷಧಿ ದೊರೆಯದ ಮಕ್ಕಳಲ್ಲಿ ಕೆಲವರಿಗೆ ಅದು ಬರುತ್ತದೆ.

ಅರ್ಥ ಹಚ್ಚುವ ಈ ಹವ್ಯಾಸ ಪ್ರಾಚೀನರಿಗೆ ಮಾತ್ರ ಸೇರಿದ್ದಲ್ಲ. ಆನಂದೀಬಾಯಿ ಜೋಶಿಯವರ ಚರಿತ್ರೆ ಬರೆದವರು ಏನು ಮಾಡಿದರೆಂದು ನೋಡಬಹುದು. 1865ರಲ್ಲಿ ಹುಟ್ಟಿ, ಮುಂಬಯಿಗೆ ಹತ್ತಿರದ ಕಲ್ಯಾಣದ ಮನೆತನದಲ್ಲಿ ಬೆಳೆದ ಈಕೆ ಅಮೆರಿಕೆಗೆ ಹೊರಡುವ ಮೊದಲೇ ಅಸ್ವಸ್ಥರಾಗಿದ್ದರು: ನಿಲ್ಲದ ತಲೆನೋವು, ನಡುನಡುವೆ ಜ್ವರ, ಆಗಾಗ ಉಬ್ಬಸ. ಅಮೆರಿಕೆಯ ಹಿತೈಷಿ ಥಿಯೊಡೀಷಿಯಾ ಕಾರ್ಪೆಂಟರ್ ಹಡಗಿನಲ್ಲಿ ಔಷಧಿ ಕಳಿಸಿದರೂ ಗುಣ ಕಾಣಲಿಲ್ಲ. ಆ ದೇಹಸ್ಥಿತಿಯಲ್ಲೇ 1883ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ಅಲ್ಲಿಯ ಚಳಿಯಲ್ಲಿ ಕ್ಷಯ ಬಲಿಯಿತು. 1886ರ ಮಾರ್ಚ್ 11ರಂದು ಪದವಿ ಪಡೆದರು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ, 22 ತುಂಬುವ ಮೊದಲೇ ತೀರಿಕೊಂಡರು. ಕ್ಯಾರೊಲಿನ್ ಡಾಲ್ 1888ರಲ್ಲಿ ಬರೆದ ಜೀವನಚರಿತ್ರೆ, ಬಳಿಕ ಕಾಶೀಬಾಯಿ ಕಾನಿಟ್ಕರರ ಮರಾಠಿ ಚರಿತ್ರೆ, 1968ರ ಶ್ರೀ.ಜ. ಜೋಶಿಯವರ ಕಾದಂಬರಿ ಆನಂದೀ ಗೋಪಾಳ, ಇವುಗಳಿಂದ ನಮ್ಮ ಮನಸ್ಸಿನಲ್ಲಿ ನಿಂತಿರುವ ಆನಂದೀಬಾಯಿ ಸ್ತ್ರೀಶಿಕ್ಷಣಕ್ಕಾಗಿ ಜೀವ ತೆತ್ತವರು. ಕ್ಷಯ ಆ ತ್ಯಾಗದ ಬೆಲೆ. ಇದನ್ನು ಸುಳ್ಳೆನ್ನಲಾಗದು. ಆದರೆ ಈ ಬಗೆಯ ನೆನಪಿನಲ್ಲಿ ಮೂರು ಚಳಿಗಾಲ ಕೆಮ್ಮುತ್ತ ತರಗತಿಯಲ್ಲಿ ಕೂತ ವಿದ್ಯಾರ್ಥಿನಿ ಹಿಂದೆ ಸರಿದು ಹುತಾತ್ಮೆ ಮುಂದೆ ಬರುತ್ತಾಳೆ. ಹುತಾತ್ಮೆಗೆ ಬೆಚ್ಚನೆಯ ಕೋಣೆ ಬೇಕಾಗಿತ್ತೆಂಬುದು ಗೌಣವಾಗುತ್ತದೆ. ಅನ್ಯರ ಹಣದಲ್ಲಿ, ಅನ್ಯರ ಮನೆಯಲ್ಲಿ ಓದುತ್ತಿದ್ದ ಹೆಣ್ಣುಮಗಳು ಇನ್ನಷ್ಟು ಉರುವಲು ಕೊಡಿಸಿ ಎಂದು ಕೇಳುವುದು ಎಷ್ಟು ಕಠಿಣವಾಗಿದ್ದಿರಬೇಕು! ಯಾಚನಾ ಪರೀಷಹ ಎಂದರೆ ಇದೇ.

ಕ್ಷಯವೇ ಮುಂಬಯಿಯ ಇನ್ನೊಬ್ಬ ವಿದ್ಯಾರ್ಥಿನಿಯ ಬಾಳಿನಲ್ಲಿ ಹೇಗೆ ನಡೆಯಿತೆಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ನಂದಿತಾ ವೆಂಕಟೇಶನ್ ಅವರಿಗೆ 2007ರಲ್ಲಿ, ಕಾಲೇಜಿನ ಹುಡುಗಿಯಾಗಿದ್ದಾಗ, ಕರುಳಿನ ಕ್ಷಯ ಬಂತು. ವಾಸಿಯಾಯಿತೆಂದುಕೊಂಡದ್ದು 2013ರಲ್ಲಿ ಮರುಕಳಿಸಿತು. ಆಗ ಕೊಟ್ಟ ಚುಚ್ಚುಮದ್ದಿನ ಅಡ್ಡಪರಿಣಾಮದಿಂದ ಕಿವಿ ಕೇಳಿಸದಾಯಿತು. ಅಂಥದೇ ಅನುಭವದ ದಕ್ಷಿಣ ಆಫ್ರಿಕಾದ ಫುಮೆಜಾ ಟಿಸೀಲೆ ಅವರೊಡನೆ 2019ರಲ್ಲಿ ಅವರು ಬೆಡಾಕ್ವಿಲಿನ್ ಎಂಬ ಹೊಸ ಔಷಧಿಯ ಪೇಟೆಂಟು ವಿಸ್ತರಣೆಗೆ ಭಾರತದಲ್ಲಿ ಆಕ್ಷೇಪಣೆ ಸಲ್ಲಿಸಿದರು; 2023ರ ಮಾರ್ಚಿನಲ್ಲಿ ಪೇಟೆಂಟು ಕಚೇರಿ ಕಂಪನಿಯ ಕೋರಿಕೆಯನ್ನು ತಳ್ಳಿಹಾಕಿತು. ಈ ವೃತ್ತಾಂತದಲ್ಲಿ ನನ್ನ ಗಮನ ಸೆಳೆಯುವುದು ಅದರ ವ್ಯಾಕರಣ. ಅವರು ಔಷಧಿ ಬೇಡಲಿಲ್ಲ. ಬೇಡಬೇಕಾಗಿ ಬರುವ ಸ್ಥಿತಿಗೇ ಆಕ್ಷೇಪಣೆ ಎತ್ತಿದರು. ವಾಯುಭೂತಿಯ ಸಿಟ್ಟು ಇಲ್ಲಿ ಸರಿಯಾದ ವಿಳಾಸವನ್ನು ಕಂಡುಕೊಂಡಿದೆ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಬಂದಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ವರ್ಗಗಳಿದ್ದವು. 2016ರ ಕಾಯಿದೆಯಲ್ಲಿ 21. ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗಗಳು ಸೇರಿವೆ. ಸ್ವತಃ ಹಿಮೋಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿಯವರು ದಾವಣಗೆರೆಯಲ್ಲಿ ವೈದ್ಯಕೀಯ ಪ್ರಾಧ್ಯಾಪಕರಾದದ್ದು ಅಂಥ ಕಾಯಿದೆಯ ನೆರವಿಲ್ಲದ ಕಾಲದಲ್ಲಿ ಓದಿ. ಆದರೆ ಕ್ಷಯ ಪಟ್ಟಿಯಲ್ಲಿಲ್ಲ, ಹೃದಯದ ಕವಾಟದ ರೋಗವೂ ಇಲ್ಲ. ಕ್ಷಯದಿಂದ ನರಳುವ ವಿದ್ಯಾರ್ಥಿನಿಗೆ ಆ ಕಾಯಿದೆಯ ರಕ್ಷಣೆ ದೊರೆಯುವುದು ಔಷಧಿ ಅವಳ ಕಿವಿಯನ್ನು ಕೆಡಿಸಿದ ಮೇಲೆ! ಏರಿಳಿಯುವ ಕಾಯಿಲೆಯನ್ನು ಶೇಕಡಾ 40 ಎಂಬ ಸ್ಥಿರ ಗೆರೆಯಿಂದ ಅಳೆಯುವ ಕಷ್ಟವೂ ಉಂಟು. ಪರೀಕ್ಷೆಯಲ್ಲಿ ಲಿಪಿಕಾರನ ನೆರವು ಕೋರಿದ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ, ಆ ಗೆರೆಯ ಕೆಳಗಿರುವವರಿಗೂ ಯುಕ್ತ ಹೊಂದಾಣಿಕೆ ಹಕ್ಕೆಂದು ಹೇಳಿತು. ಯಾಚನೆ ಹಕ್ಕಾಗುವ ಕ್ಷಣ ಅದು. ತೀರ್ಪು ಕಾಲೇಜಿನ ಗುಮಾಸ್ತರ ಕಿಟಕಿಯವರೆಗೆ ಬರಲು ಎಷ್ಟು ಕಾಲ ಹಿಡಿಯುತ್ತದೆಂಬುದು ಬೇರೆ ಮಾತು.

ಮುಂಬಯಿ ಕನ್ನಡ ಕಥನ ಈ ಅನುಭವಕ್ಕೆ ಎಷ್ಟು ಎಡೆಮಾಡಿದೆ? ಚಿತ್ತಾಲರ ಶಿಕಾರಿಯಲ್ಲಿ ನಗರದ ಭಯವಿದೆ, ವ್ಯಾಸರಾಯ ಬಲ್ಲಾಳರ ಬಂಡಾಯದಲ್ಲಿ ದುಡಿಮೆಗಾರನ ಹೋರಾಟವಿದೆ, ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಆಸ್ಪತ್ರೆಯ ಕಾರಿಡಾರಿನ ಬೆಳಕೂ ಉಂಟು. ಆದರೆ ಕಾಯಿಲೆಯನ್ನು ಒಂದು ಘಟನೆಯಾಗಿ ಕಾಣದೆ ದಿನಚರಿಯಾಗಿ ಕಂಡು, ಅದರೊಡನೆ ಓದನ್ನೂ ನಡೆಸುವ ಪಾತ್ರ ನಮ್ಮ ಕಥನದ ನಡುವಿಗೆ ಬಂದಿಲ್ಲವೆಂದೇ ನನ್ನ ತಿಳಿವಳಿಕೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ಶ್ರಮವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ; ಅವರಲ್ಲಿ ಕೆಮ್ಮು ಹತ್ತಿ ಊರಿಗೆ ಮರಳಿದವರು ಆ ಹೆಮ್ಮೆಯ ಲೆಕ್ಕಕ್ಕೆ ಸಿಗುವುದಿಲ್ಲ. ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕ ಸಂಚಿಕೆಗಳನ್ನೂ ರಾತ್ರಿಶಾಲೆಗಳ ದಾಖಲೆಗಳನ್ನೂ ಈ ದೃಷ್ಟಿಯಿಂದ ಯಾರಾದರೂ ಹುಡುಕಿ ನೋಡಬೇಕು. ಹೊರನಾಡಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದು ಬೆಂಗಳೂರಿನವರಿಗಿಂತ ಹತ್ತಿರದ ಸಾಮಗ್ರಿ.

ಇಷ್ಟಾದ ಮೇಲೆ ವಡ್ಡಾರಾಧನೆಗೆ ಮರಳಬೇಕು, ಏಕೆಂದರೆ ವಾಯುಭೂತಿಯ ಕಥೆ ಕುಷ್ಠದಲ್ಲಿ ಮುಗಿಯುವುದಿಲ್ಲ. ಕುರುಡಿ ಹುಡುಗಿಯಾಗಿ ಹುಟ್ಟಿ, ಯಾರಿಗೂ ಬೇಡವಾಗಿ ಬಿದ್ದಿದ್ದ ಆ ಜೀವವನ್ನು ದಾರಿಯಲ್ಲಿ ಕಂಡು ಕಣ್ಣೀರಿಟ್ಟವನು ಅಗ್ನಿಭೂತಿ. ಆಗ ಅವನೂ ಮುನಿ, ಸೂರ್ಯಮಿತ್ರನ ಜೊತೆಗಿದ್ದವನು. ಅವಳ ಆಯುಷ್ಯ ಇನ್ನು ಸ್ವಲ್ಪವೇ ಎಂದು ಗುರುವಿನಿಂದ ತಿಳಿದು, ಅವಳು ಇದ್ದಲ್ಲಿಗೇ ಹೋಗಿ ವ್ರತಗಳನ್ನು ಉಪದೇಶಿಸುತ್ತಾನೆ. ಅವಳು ಕೇಳಿರಲಿಲ್ಲ. ಯಾವ ಷರತ್ತನ್ನೂ ಅವನು ಇಡುವುದಿಲ್ಲ, ಯೋಗ್ಯತೆಯ ಪ್ರಮಾಣವನ್ನೂ ಬಯಸುವುದಿಲ್ಲ. ಯಾಚನೆಯಿಂದ ಕಲಿತ ಇಬ್ಬರಲ್ಲಿ ಗುರುವಿನ ವಿಧಾನವನ್ನು ಕೊಂಡಾಡಿದವನೇ ಕಲಿಸುವ ಸರದಿ ಬಂದಾಗ ಆ ವಿಧಾನವನ್ನು ಕೈಬಿಟ್ಟ ಎಂಬುದನ್ನು ನಮ್ಮ ವಿಮರ್ಶೆ ಗಮನಿಸಿದಂತಿಲ್ಲ. ಕಥೆಗಾರನೂ ಇದನ್ನು ಎತ್ತಿ ಹೇಳುವುದಿಲ್ಲ. ಹೇಳದೆ ಬಿಟ್ಟದ್ದರಿಂದಲೇ ನನಗೆ ನಂಬಿಕೆ ಹೆಚ್ಚು.

ಮುಂದಿನ ಜನ್ಮದಲ್ಲಿ ಆ ಹುಡುಗಿ ಚಂಪಾಪುರದ ಪುರೋಹಿತನ ಮಗಳು ನಾಗಶ್ರೀ. ಇವಳು ನನ್ನ ಮಗಳು, ಇವಳಿಗೆ ನಾನು ಶಾಸ್ತ್ರಗಳನ್ನೆಲ್ಲ ಕಲಿಸಿದ್ದೇನೆ ಎಂದು ಸೂರ್ಯಮಿತ್ರ ಮುನಿ ಹೇಳುತ್ತಾನೆ. ಹೆತ್ತ ತಂದೆ ದೊರೆಗೆ ದೂರು ಕೊಡುತ್ತಾನೆ. ಹಾಗಿದ್ದರೆ ಪರೀಕ್ಷಿಸೋಣವೆಂದು ದೊರೆ ಬರುತ್ತಾನೆ. ಆ ಜನ್ಮದಲ್ಲಿ ನಾಗಶ್ರೀ ಆ ಶಾಸ್ತ್ರಗಳನ್ನು ಓದಿದವಳಲ್ಲ. ಓದಿದ್ದು ವಾಯುಭೂತಿ, ರಾಜಗೃಹದ ಬೀದಿಗಳಲ್ಲಿ ತಿರಿದು ತಿಂದು, ಸಿಟ್ಟಿನಲ್ಲಿ. ನಡುವೆ ಕುಷ್ಠ, ನಾಲ್ಕು ಜನ್ಮ. ಮುನಿ ಅವಳನ್ನು ವಾಯುಭೂತಿ ಎಂಬ ಹಳೆಯ ಹೆಸರಿನಿಂದ ಕರೆದು ಹೇಳು ಎನ್ನುತ್ತಾನೆ. ದೊರೆಯೂ ಪರಿವಾರವೂ ಕೇಳುತ್ತಿರಲು ಅವಳು ಹೇಳತೊಡಗುತ್ತಾಳೆ.